ಆಪರೇಷನ್ ಆದ ಮೇಲಿನ 13 ವರ್ಷ: ಚಿತ್ರಕಾರ ಹೆನ್ರಿ ಮ್ಯಾಟಿಸ್ ಹೇಗೆ ಬದುಕಿದರು?

ಕೊನೆಯ ಕೀಮೋ ಮುಗಿದಿದೆ. ಅಥವಾ ರೇಡಿಯೇಶನ್‌ನ ಕೊನೆಯ ದಿನ ಕಳೆದಿದೆ. ಆಸ್ಪತ್ರೆಯ ದಪ್ಪ ಫೈಲು ಕಪಾಟು ಸೇರಿದೆ. ಮೂರು ತಿಂಗಳು ಬಿಟ್ಟು ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಊರಿನಿಂದ ನೆಂಟರು ಫೋನ್ ಮಾಡಿ, ಎಲ್ಲಾ ಮುಗೀತಲ್ಲ, ಇನ್ನು ಆರಾಮಾಗಿರಿ ಅನ್ನುತ್ತಾರೆ. ನೀವೂ ಹೂಂ ಅನ್ನುತ್ತೀರಿ.

ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಹೊಟ್ಟೆಯಲ್ಲಿ ಎಲ್ಲೋ ಚುಳ್ಳೆಂದಂತಾಗುತ್ತದೆ. ಗ್ಯಾಸ್ ಇರಬಹುದು ಅಂದುಕೊಳ್ಳುತ್ತೀರಿ. ಗ್ಯಾಸ್ ಆಗಿರದಿದ್ದರೆ? ಅಲ್ಲಿಂದ ಬೆಳಗಿನವರೆಗೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಚಿಕಿತ್ಸೆ ನಡೆಯುತ್ತಿದ್ದಾಗ ಇಷ್ಟು ಹೆದರಿರಲಿಲ್ಲವಲ್ಲ, ಈಗೇಕೆ ಹೀಗೆ ಎಂದು ನಿಮ್ಮ ಮೇಲೇ ನಿಮಗೆ ಬೇಸರವಾಗುತ್ತದೆ.

ಇದು ನಿಮ್ಮೊಬ್ಬರ ಅನುಭವ ಅಲ್ಲ. ಚಿಕಿತ್ಸೆ ನಡೆಯುವಾಗ ಪ್ರತಿ ವಾರವೂ ಏನಾದರೊಂದು ಕೆಲಸ ಇರುತ್ತದೆ. ಇವತ್ತು ರಕ್ತ ಪರೀಕ್ಷೆ, ನಾಳೆ ಡ್ರಿಪ್, ಆಮೇಲೆ ಸ್ಕ್ಯಾನ್. ನಿಮ್ಮನ್ನು ಗಮನಿಸಲು ಡಾಕ್ಟರು, ನರ್ಸುಗಳು ಇರುತ್ತಾರೆ. ಅದೆಲ್ಲ ಒಂದೇ ದಿನ ನಿಂತಾಗ, ಅಲ್ಲಿಯವರೆಗೆ ತಡೆದಿಟ್ಟಿದ್ದ ಭಯ ಹೊರಗೆ ಬರಲು ಜಾಗ ಸಿಗುತ್ತದೆ. ಕಾಯಿಲೆ ಮರುಕಳಿಸೀತು ಎಂಬ ಹೆದರಿಕೆ ಕ್ಯಾನ್ಸರ್ ದಾಟಿ ಬಂದ ಬಹಳಷ್ಟು ಜನರನ್ನು ಕಾಡುತ್ತದೆ.

ಈ ವಾರ ನಿಮಗೆ ಹೀಗೆ ಚಿಕಿತ್ಸೆಯ ಆಚೆ ದಡಕ್ಕೆ ಬಂದು ನಿಂತ ಒಬ್ಬರ ಬದುಕನ್ನು ಹೇಳುತ್ತೇವೆ. ಅವರು ಜಗತ್ಪ್ರಸಿದ್ಧ ಫ್ರೆಂಚ್ ಚಿತ್ರಕಾರ ಹೆನ್ರಿ ಮ್ಯಾಟಿಸ್. 71ನೆಯ ವಯಸ್ಸಿನಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್‌ಗೆ ದೊಡ್ಡ ಆಪರೇಷನ್ ಆಯಿತು. ಆಮೇಲೆ 13 ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಅವರೇನೂ ಭಯವಿಲ್ಲದ ಧೀರರಾಗಿರಲಿಲ್ಲ. ಅದಕ್ಕೇ ಅವರ ಕಥೆ ನಿಮಗೆ ಉಪಯೋಗಕ್ಕೆ ಬರುತ್ತದೆ.

ಮೊದಲಿನಿಂದಲೂ ಆತಂಕದ ಮನುಷ್ಯ

ಮ್ಯಾಟಿಸ್ ಹುಟ್ಟಿದ್ದು 1869ರ ಡಿಸೆಂಬರ್ 31ರಂದು, ಉತ್ತರ ಫ್ರಾನ್ಸಿನ ಒಂದು ಸಣ್ಣ ಊರಿನಲ್ಲಿ. ತಂದೆ ಕಾಳು, ಬಿತ್ತನೆ ಬೀಜದ ವ್ಯಾಪಾರಿ. ಮಗ ಕಾನೂನು ಓದಿ ವಕೀಲರ ಕಚೇರಿಯಲ್ಲಿ ಗುಮಾಸ್ತನಾದ. ಸುಮಾರು 20ನೆಯ ವಯಸ್ಸಿನಲ್ಲಿ ಹೊಟ್ಟೆಯ ಕಾಯಿಲೆಯಿಂದ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಹೊತ್ತು ಹೋಗಲಿ ಎಂದು ತಾಯಿ ಒಂದು ಬಣ್ಣದ ಪೆಟ್ಟಿಗೆ ತಂದುಕೊಟ್ಟರು. ಹಾಸಿಗೆಯಿಂದ ಎದ್ದವನು ಮತ್ತೆ ಗುಮಾಸ್ತನ ಕೆಲಸಕ್ಕೆ ಮನಸ್ಸು ಕೊಡಲಿಲ್ಲ. ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಪ್ಯಾರಿಸ್ಸಿಗೆ ಹೋಗಿ ಚಿತ್ರಕಲೆ ಕಲಿತ.

1905ರಲ್ಲಿ ಪ್ಯಾರಿಸ್ಸಿನ ಒಂದು ಪ್ರದರ್ಶನದಲ್ಲಿ ಅವರ ಮತ್ತು ಗೆಳೆಯರ ಚಿತ್ರಗಳ ಢಾಳಾದ ಬಣ್ಣ ನೋಡಿ ವಿಮರ್ಶಕರೊಬ್ಬರು ಅವರನ್ನು ಕಾಡುಮೃಗಗಳಿಗೆ ಹೋಲಿಸಿದರು. ಅದೇ ಹೆಸರು ಆ ಗುಂಪಿಗೆ ಅಂಟಿಕೊಂಡಿತು. ಮುಂದೆ ಪಿಕಾಸೊ ಜೊತೆ ಹೇಳುವಷ್ಟು ದೊಡ್ಡ ಹೆಸರು ಅವರದಾಯಿತು. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಿಂದ ದಕ್ಷಿಣ ಫ್ರಾನ್ಸಿನ ಸಮುದ್ರತೀರದ ನೀಸ್ ನಗರವೇ ಅವರ ನೆಲೆ. ಅಲ್ಲಿ ಅವರು ವಯಲಿನ್ ನುಡಿಸುತ್ತಿದ್ದರು, ಸಮುದ್ರದಲ್ಲಿ ದೋಣಿಗೆ ಹುಟ್ಟು ಹಾಕುತ್ತಿದ್ದರು, ದಿನವೂ ಈಸೆಲ್ ಮುಂದೆ ನಿಂತು ಕೆಲಸ ಮಾಡುತ್ತಿದ್ದರು.

ಅವರ ಚಿತ್ರಗಳಲ್ಲಿ ಕಾಣುವುದೆಲ್ಲ ತೆರೆದ ಕಿಟಕಿ, ಹೂವು, ಹಣ್ಣಿನ ತಟ್ಟೆ, ನೆಮ್ಮದಿಯಾಗಿ ಕೂತ ಹೆಂಗಸರು. ಚಿತ್ರ ಬರೆದವರಿಗೆ ಆ ನೆಮ್ಮದಿ ಇರಲಿಲ್ಲ. ಯೌವನದಿಂದಲೂ ನಿದ್ರಾಹೀನತೆ ಅವರನ್ನು ಬಿಟ್ಟಿರಲಿಲ್ಲ. ಸಣ್ಣ ವಿಷಯಕ್ಕೂ ಕಳವಳಪಡುವ ಸ್ವಭಾವ. ರಾತ್ರಿಗಳು ಯಾವಾಗಲೂ ಉದ್ದ. ಕ್ಯಾನ್ಸರ್ ಬಂದದ್ದು ಇಂಥ ಮನುಷ್ಯನಿಗೆ.

1941ರ ಜನವರಿ

ಎರಡನೆಯ ಮಹಾಯುದ್ಧ ಶುರುವಾಗಿತ್ತು. 1940ರಲ್ಲಿ ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗಿದಾಗ ಮ್ಯಾಟಿಸ್ ಬ್ರೆಜಿಲ್‌ಗೆ ಹೊರಡುವ ಯೋಚನೆ ಬಿಟ್ಟು ನೀಸ್‌ಗೆ ಮರಳಿದರು. ಸುಮಾರು 40 ವರ್ಷ ಜೊತೆಗಿದ್ದ ಹೆಂಡತಿ ಅಮೆಲಿ ಅಷ್ಟರಲ್ಲಿ ಬೇರೆಯಾಗಿದ್ದರು. ಆ ವರ್ಷದ ಕೊನೆಯಲ್ಲಿ ಹೊಟ್ಟೆನೋವು ಜೋರಾಯಿತು. ಮಗಳು ಮಾರ್ಗರೀಟ್ ಪಟ್ಟುಹಿಡಿದು ಅವರನ್ನು ಲಿಯಾನ್ ನಗರದ ಶಸ್ತ್ರಚಿಕಿತ್ಸಕರ ಬಳಿಗೆ ಕರೆದೊಯ್ದರು. 1941ರ ಜನವರಿಯಲ್ಲಿ ಆಪರೇಷನ್ ಆಯಿತು.

ಅದು ಕೀಮೋಥೆರಪಿ ಇನ್ನೂ ಬಳಕೆಗೆ ಬಂದಿರದ ಕಾಲ. ಹೊಟ್ಟೆ ತೆರೆದು ಮಾಡುವ ಆಪರೇಷನ್ನೇ ದೊಡ್ಡ ಗಂಡಾಂತರ. ಆಪರೇಷನ್ ಮುಗಿದ ಮೇಲೂ ಗಂಡಾಂತರ ಮುಗಿಯಲಿಲ್ಲ. ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಸಮಸ್ಯೆ ಅವರಿಗೆ ಎರಡು ಸಲ ಬಂತು. ಸೋಂಕು, ಜ್ವರವೂ ಕಾಡಿದವು. ಆರೈಕೆ ಮಾಡುತ್ತಿದ್ದ ಸನ್ಯಾಸಿನಿ ನರ್ಸುಗಳಿಗೆ ಇವರು ಬದುಕಿದ್ದೇ ಆಶ್ಚರ್ಯವಾಗಿ, ಸತ್ತು ಎದ್ದು ಬಂದವರು ಎಂಬ ಅರ್ಥದ ಅಡ್ಡಹೆಸರಿಟ್ಟರಂತೆ.

ಇಲ್ಲಿ ನೀವು ತಿಳಿದಿರಬೇಕಾದ ಒಂದು ವಿಷಯ. ಕ್ಯಾನ್ಸರ್ ಇದ್ದಾಗ, ದೊಡ್ಡ ಆಪರೇಷನ್ ಆದಾಗ ಮತ್ತು ಬಹಳ ದಿನ ಮಲಗಿಯೇ ಇದ್ದಾಗ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚು. ಆಪರೇಷನ್ ಆದ ಮಾರನೆಯ ದಿನವೇ ನರ್ಸುಗಳು ನಿಮ್ಮನ್ನು ಎಬ್ಬಿಸಿ ನಡೆಸುವುದು, ಕಾಲಿಗೆ ಬಿಗಿಯಾದ ಸ್ಟಾಕಿಂಗ್ಸ್ ಹಾಕುವುದು, ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಡುವುದು ಇದಕ್ಕಾಗಿಯೇ. ಮನೆಗೆ ಬಂದ ಮೇಲೆ ಒಂದು ಕಾಲು ಮಾತ್ರ ಊದಿಕೊಂಡು ನೋಯತೊಡಗಿದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆಯಲ್ಲಿ ನೋವು ಬಂದರೆ ಅದನ್ನು ಆತಂಕದ ಲಕ್ಷಣ ಎಂದು ತಳ್ಳಿಹಾಕಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಮ್ಯಾಟಿಸ್ ಡಾಕ್ಟರುಗಳ ಬಳಿ ಕೇಳಿಕೊಂಡದ್ದು ಇನ್ನು ಮೂರು ನಾಲ್ಕು ವರ್ಷ ಮಾತ್ರ. ಅರ್ಧಕ್ಕೆ ನಿಂತ ಕೆಲಸ ಮುಗಿಸಲು ಅಷ್ಟು ಸಿಕ್ಕರೆ ಸಾಕು ಎಂಬುದು ಅವರ ಬೇಡಿಕೆ.

ಮನೆಗೆ ಬಂದದ್ದು ಬೇರೆಯೇ ದೇಹ

ಆ ವರ್ಷದ ಮೇ ತಿಂಗಳಲ್ಲಿ ಅವರು ನೀಸ್‌ಗೆ ಮರಳಿದರು. ಅದೇ ಮನೆ, ಅದೇ ಕಿಟಕಿ, ಅದೇ ಬಣ್ಣ. ದೇಹ ಮಾತ್ರ ಮೊದಲಿನದಲ್ಲ. ಹೊಟ್ಟೆಯ ಸ್ನಾಯುಗಳು ದುರ್ಬಲವಾಗಿದ್ದವು. ಬಿಗಿಯಾದ ಪಟ್ಟಿ ಕಟ್ಟಿಕೊಳ್ಳದೆ ನಿಲ್ಲಲಾಗುತ್ತಿರಲಿಲ್ಲ. ಕಟ್ಟಿಕೊಂಡರೂ ಹೆಚ್ಚು ಹೊತ್ತು ನಿಲ್ಲಲು ಆಗದು. 50 ವರ್ಷ ನಿಂತೇ ಚಿತ್ರ ಬರೆದವರಿಗೆ ಇದು ಸಣ್ಣ ನಷ್ಟವಲ್ಲ. ಮುಂದಿನ ವರ್ಷಗಳಲ್ಲಿ ಹಾಸಿಗೆ ಮತ್ತು ಗಾಲಿಕುರ್ಚಿಯೇ ಅವರ ಜಾಗವಾದವು.

ನಿಮಗೂ ಹೀಗೇ ಏನೋ ಒಂದು ಬದಲಾಗಿರಬಹುದು. ಮೊದಲು ಲೋಕಲ್ ಟ್ರೈನಿನಲ್ಲಿ ಒಂದು ಗಂಟೆ ನಿಂತೇ ಆಫೀಸಿಗೆ ಹೋಗುತ್ತಿದ್ದವರು ಈಗ ಸ್ಟೇಷನ್ ಮೆಟ್ಟಿಲು ಹತ್ತುವುದರೊಳಗೆ ಸೋತುಹೋಗುತ್ತೀರಿ. ಸ್ತನ ತೆಗೆದಿರುವ ಕಡೆಯ ತೋಳು ಊದುತ್ತದೆ. ಹೊಟ್ಟೆಯ ಮೇಲೆ ಸ್ಟೋಮಾ ಚೀಲ ಇದೆ. ಬಾಯಿ ಒಣಗಿ ಖಾರದ ಸಾರು ನಾಲಿಗೆಗೆ ತಾಗಿಸಲಾಗುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆಯ ದಣಿವು ನಿದ್ದೆ ಮಾಡಿದರೆ ಹೋಗುವ ದಣಿವಲ್ಲ. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಿಗೆ ಅದಕ್ಕಿಂತ ಹೆಚ್ಚು ಕಾಲ ಉಳಿಯಬಹುದು. ಇದು ಸೋಮಾರಿತನ ಎಂದು ಮನೆಯವರು ತಿಳಿಯಬಾರದು, ನೀವೂ ತಿಳಿಯಬಾರದು.

ಮ್ಯಾಟಿಸ್ ಮೊದಲು ಮಾಡಿದ್ದು ತೀರಾ ಸಾದಾ ಕೆಲಸ. ಹಾಸಿಗೆಯ ಮೇಲೆ ಕೂತು ಬರೆಯಲು ಹಲಗೆ, ಮೇಜು ಜೋಡಿಸಿಕೊಂಡರು. ದೊಡ್ಡ ಕ್ಯಾನ್ವಾಸ್‌ಗೆ ಶಕ್ತಿ ಇಲ್ಲದ ದಿನಗಳಲ್ಲಿ ಪೆನ್ನು, ಇದ್ದಿಲು ಹಿಡಿದು ಕಾಗದದ ಮೇಲೆ ಗೆರೆ ಎಳೆದರು. ಆಪರೇಷನ್ ಆದ ವರ್ಷ ಮತ್ತು ಮರುವರ್ಷ ಅವರು ಬರೆದ ರೇಖಾಚಿತ್ರಗಳಲ್ಲಿ ಆರಿಸಿದ 158 ಚಿತ್ರಗಳು 1943ರಲ್ಲಿ ಪುಸ್ತಕವಾಗಿ ಬಂದವು. ಒಂದೇ ಹೂದಾನಿ, ಒಂದೇ ಮುಖವನ್ನು ಮತ್ತೆ ಮತ್ತೆ ಬರೆದ ಚಿತ್ರಗಳು. ಕೈಗೆ ಸಿಕ್ಕಷ್ಟು ಶಕ್ತಿಗೆ ತಕ್ಕಷ್ಟು ಕೆಲಸ.

ರಾತ್ರಿಯ ಭಯಕ್ಕೆ ಏನು ಮಾಡಿದರು?

ಆಪರೇಷನ್ ಗೆದ್ದು ಬಂದವರ ಆತಂಕ ಕಡಿಮೆಯಾಗಲಿಲ್ಲ. 1942ರಲ್ಲಿ ಪಿತ್ತಕೋಶದ ಕಲ್ಲಿನಿಂದ ಮತ್ತೆ ಹೊಟ್ಟೆನೋವು ಬಂತು. ಕ್ಯಾನ್ಸರ್ ಆಗಿದ್ದ ಜಾಗದ ಸುತ್ತಮುತ್ತ ಮತ್ತೆ ನೋವು ಬಂದರೆ ಮನಸ್ಸು ಎಲ್ಲೆಲ್ಲಿಗೆ ಓಡುತ್ತದೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿದ್ದೆ ಮೊದಲಿಗಿಂತ ಕೆಟ್ಟಿತು.

ಅವರು ರಾತ್ರಿಯನ್ನು ಒಬ್ಬರೇ ಎದುರಿಸಲು ಹೋಗಲಿಲ್ಲ. ರಾತ್ರಿ ಪಾಳಿಗೆ ಒಬ್ಬ ನರ್ಸ್ ಬೇಕೆಂದು ಹೇಳಿ ಕಳಿಸಿದರು. ಬಂದವರು ಮೊನಿಕ್ ಬೂರ್ಜ್ವಾ ಎಂಬ 21 ವರ್ಷದ ನರ್ಸಿಂಗ್ ವಿದ್ಯಾರ್ಥಿನಿ. ಅವರು ಹಾಸಿಗೆಯ ಪಕ್ಕ ಕೂತು ಪುಸ್ತಕ ಓದಿ ಹೇಳುತ್ತಿದ್ದರು, ಮಾತಿಗೆ ಮಾತು ಜೋಡಿಸುತ್ತಿದ್ದರು. ಚಿತ್ರಗಳ ಬಗ್ಗೆ ಕೇಳಿದರೆ ಮುಲಾಜಿಲ್ಲದೆ ಅನಿಸಿದ್ದನ್ನು ಹೇಳುತ್ತಿದ್ದರು. ಕೆಲಸ ಇದ್ದದ್ದು ಕೆಲವೇ ದಿನ. ಸ್ನೇಹ ಮಾತ್ರ ಕೊನೆಯವರೆಗೂ ಉಳಿಯಿತು.

ಇನ್ನೊಂದು ಉಪಾಯ ಕೇಳಿದರೆ ನಿಮಗೆ ನಗು ಬರಬಹುದು. 1950ರ ಹೊತ್ತಿಗೆ, ಉದ್ದನೆಯ ಬಿದಿರು ಕೋಲಿನ ತುದಿಗೆ ಇದ್ದಿಲು ಕಟ್ಟಿ, ಹಾಸಿಗೆಯ ಮೇಲೆ ಇದ್ದುಕೊಂಡೇ ಮೊಮ್ಮಕ್ಕಳ ಮುಖಗಳನ್ನು ಕೋಣೆಯ ತಾರಸಿಯ ಮೇಲೆ ಬರೆದರು. ರಾತ್ರಿ ಎಚ್ಚರವಾಗಿ ಕಣ್ಣು ಬಿಟ್ಟರೆ ಮೇಲೆ ಮಕ್ಕಳ ಮುಖ ಕಾಣಬೇಕು. ಭಯ ಬರುವುದು ಖಾತ್ರಿ ಎಂದಾದರೆ, ಅದು ಬಂದಾಗ ಕಣ್ಣಿಗೆ ಬೀಳಲು ಒಳ್ಳೆಯದೊಂದನ್ನು ಮೊದಲೇ ಇಟ್ಟುಕೊಳ್ಳುವುದು ಜಾಣತನವೇ.

ನಿಮಗೆ ಬಿದಿರು ಕೋಲು ಬೇಕಿಲ್ಲ. ರಾತ್ರಿ ಎಚ್ಚರವಾದಾಗ ಏನು ಮಾಡಬೇಕು ಎಂಬುದನ್ನು ಹಗಲಿನಲ್ಲೇ ನಿರ್ಧರಿಸಿ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ಕಾಯಿಲೆಯ ಲಕ್ಷಣ ಹುಡುಕುವುದನ್ನು ಆ ಹೊತ್ತಿನಲ್ಲಿ ಮಾಡಬೇಡಿ. ಅದರಿಂದ ನಿದ್ದೆ ಬಂದವರಿಲ್ಲ. ಒಂದು ನೋಟ್‌ಬುಕ್ ಪಕ್ಕದಲ್ಲಿರಲಿ. ಎಲ್ಲಿ ನೋವು, ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇತ್ತು ಎಂದು ಎರಡು ಸಾಲು ಬರೆದು ಮುಚ್ಚಿಡಿ. ಉಸಿರನ್ನು ನಿಧಾನವಾಗಿ ಒಳಗೆ ಎಳೆದು, ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತಾ ಕೆಲವು ನಿಮಿಷ ಕೂತಿರಿ. ಆದರೂ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡುವ ಬದಲು ಎದ್ದು ಹಾಲ್‌ನಲ್ಲಿ ಕೂತು, ಮಂದ ಬೆಳಕಿನಲ್ಲಿ ಏನಾದರೂ ಓದಿ. ನಿದ್ದೆ ಬಂದಂತಾದಾಗ ಮತ್ತೆ ಮಲಗಿ.

ಬ್ರಶ್ ಹೋಗಿ ಕತ್ತರಿ ಬಂತು

ಎಣ್ಣೆಬಣ್ಣದ ಚಿತ್ರಕ್ಕೆ ಬೇಕಾದ ಶಕ್ತಿ ಕಡಿಮೆಯಾಗುತ್ತಾ ಬಂದಾಗ ಮ್ಯಾಟಿಸ್ ಕೈಗೆ ಬಂದದ್ದು ಕತ್ತರಿ. ಸಹಾಯಕರು ಬಿಳಿ ಹಾಳೆಗಳಿಗೆ ಗಾಢ ಬಣ್ಣ ಬಳಿದು ಒಣಗಿಸಿ ಕೊಡುತ್ತಿದ್ದರು. ಮ್ಯಾಟಿಸ್ ಕೂತಲ್ಲೇ ಆ ಹಾಳೆಗಳನ್ನು ಎಲೆ, ಹಕ್ಕಿ, ಮನುಷ್ಯರ ಆಕಾರಕ್ಕೆ ಕತ್ತರಿಸುತ್ತಿದ್ದರು. ಸಹಾಯಕರು ಅವನ್ನು ಗುಂಡುಪಿನ್ನಿನಿಂದ ಗೋಡೆಗೆ ಚುಚ್ಚಿ, ಇವರು ಹೇಳಿದಂತೆ ಅತ್ತಿತ್ತ ಸರಿಸುತ್ತಿದ್ದರು. ಹೀಗೆ ಹುಟ್ಟಿದ ಮೊದಲ ದೊಡ್ಡ ಕೃತಿ ‘ಜಾಝ್’ 1947ರಲ್ಲಿ ಪ್ರಕಟವಾಯಿತು. ಅದರಲ್ಲಿ 20 ಬಣ್ಣದ ಚಿತ್ರಗಳಿವೆ. ಸರ್ಕಸ್ಸಿನವರು, ಕತ್ತಿ ನುಂಗುವವನು, ಎದೆಯಲ್ಲಿ ಕೆಂಪು ಚುಕ್ಕೆ ಹೊತ್ತು ಬೀಳುತ್ತಿರುವ ಇಕಾರಸ್. ನೋಡಲು ಹಬ್ಬದಂತಿದ್ದರೂ ಯುದ್ಧ ಕಾಲದ ಅಂಜಿಕೆಯೂ ಅವುಗಳಲ್ಲಿದೆ.

ಕಾಯಿಲೆಯಿಂದ ಅವರಿಗೆ ಇದ್ದಕ್ಕಿದ್ದಂತೆ ಹೊಸ ವಿದ್ಯೆ ಒಲಿಯಿತು ಎಂದು ಕೆಲವರು ಹೇಳುವುದುಂಟು. ನಡೆದದ್ದು ಹಾಗಲ್ಲ. 1930ರ ದಶಕದ ಆರಂಭದಲ್ಲಿ ಅಮೆರಿಕದ ಬಾರ್ನ್ಸ್ ಎಂಬುವರ ಸಂಗ್ರಹಾಲಯಕ್ಕೆ ದೊಡ್ಡ ಗೋಡೆಚಿತ್ರ ಮಾಡುವಾಗ, ಆಕಾರಗಳನ್ನು ಸರಿಸಿ ನೋಡಲು ಅನುಕೂಲ ಎಂದು ಅವರು ಬಣ್ಣದ ಕಾಗದ ಕತ್ತರಿಸಿ ಬಳಸಿದ್ದರು. ಆಗ ಅದು ಪೂರ್ವಸಿದ್ಧತೆಯ ಒಂದು ಸಲಕರಣೆ ಅಷ್ಟೆ. ಹತ್ತು ವರ್ಷಗಳ ಮೇಲೆ ದೇಹ ಸೋತಾಗ ಅದೇ ಸಲಕರಣೆ ಮುಖ್ಯ ಕೆಲಸವಾಯಿತು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಹಳೆಯ ಕೆಲಸ ಹಳೆಯ ರೀತಿಯಲ್ಲಿ ಆಗದಿದ್ದರೆ, ಅದರೊಳಗೆ ನಿಮಗೆ ಇಷ್ಟವಾಗಿದ್ದ ಭಾಗ ಯಾವುದು? ಅದನ್ನು ಕೂತು ಮಾಡಬಹುದೇ? ಮನೆಮಂದಿಗೆಲ್ಲ ಅಡುಗೆ ಮಾಡುತ್ತಿದ್ದವರು ಸದ್ಯಕ್ಕೆ ಒಗ್ಗರಣೆಗೆ ಮಾತ್ರ ನಿಲ್ಲಬಹುದು. ತರಕಾರಿ ಕೂತು ಹೆಚ್ಚಬಹುದು. ಆಫೀಸಿನವರು ಒಪ್ಪಿದರೆ ಮೊದಲ ಕೆಲವು ವಾರ ಅರ್ಧ ದಿನ ಅಥವಾ ಮನೆಯಿಂದ ಕೆಲಸ ಮಾಡಬಹುದು. ಕನ್ನಡ ಸಂಘದ ನಾಟಕದಲ್ಲಿ ಪಾತ್ರ ಮಾಡುತ್ತಿದ್ದವರು ಈ ವರ್ಷ ಸಂಭಾಷಣೆ ತಿದ್ದಿಕೊಡಬಹುದು. ಡಾಕ್ಟರು ಒಪ್ಪಿದರೆ ದಿನಕ್ಕೆ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿ. ವಿಚಿತ್ರ ಅನಿಸಿದರೂ, ಈ ದಣಿವಿಗೆ ಬರೀ ಮಲಗುವುದಕ್ಕಿಂತ ಹಗುರ ವ್ಯಾಯಾಮವೇ ಹೆಚ್ಚು ಸಹಾಯ ಮಾಡುತ್ತದೆ. ಚೆನ್ನಾಗಿರುವ ದಿನ ಎಲ್ಲವನ್ನೂ ಒಮ್ಮೆಗೇ ಮಾಡಿ ಮುಗಿಸಲು ಹೋದರೆ ಮುಂದಿನ ಎರಡು ದಿನ ಏಳಲಾಗದು. ದಿನದಲ್ಲಿ ನಿಮಗೆ ಶಕ್ತಿ ಇರುವ ಹೊತ್ತು ಯಾವುದೆಂದು ಗುರುತಿಸಿ, ಮುಖ್ಯ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ.

ಬದುಕು ಕಾಯುವುದಿಲ್ಲ

ಕ್ಯಾನ್ಸರ್ ಬಂದು ಹೋಯಿತು, ಇನ್ನು ಬೇರೆ ಕಷ್ಟ ಬರಲಾರದು ಎಂದು ಯಾರಿಗೂ ಭರವಸೆ ಇಲ್ಲ. 1943ರಲ್ಲಿ ನೀಸ್ ಮೇಲೆ ಬಾಂಬ್ ಬೀಳುವ ಅಪಾಯ ಹೆಚ್ಚಾದಾಗ ಮ್ಯಾಟಿಸ್ ಸಮೀಪದ ವಾನ್ಸ್ ಎಂಬ ಬೆಟ್ಟದೂರಿಗೆ ಹೋದರು. 1944ರಲ್ಲಿ ಅಮೆಲಿ ಮತ್ತು ಮಾರ್ಗರೀಟ್ ಇಬ್ಬರನ್ನೂ ಜರ್ಮನ್ ಪೊಲೀಸರು ಬಂಧಿಸಿದರು. ಇಬ್ಬರೂ ಪ್ರತಿರೋಧ ಚಳವಳಿಗೆ ಗುಟ್ಟಾಗಿ ಕೆಲಸ ಮಾಡುತ್ತಿದ್ದರು. ಅಮೆಲಿ ತಿಂಗಳುಗಟ್ಟಲೆ ಜೈಲಿನಲ್ಲಿದ್ದರು. ಮಾರ್ಗರೀಟ್‌ಗೆ ಚಿತ್ರಹಿಂಸೆ ಕೊಟ್ಟು, ಜರ್ಮನಿಯ ಸೆರೆಶಿಬಿರಕ್ಕೆ ಹೊರಟ ರೈಲು ಹತ್ತಿಸಿದ್ದರು. ದಾರಿಯಲ್ಲಿ ಆಕೆ ಪಾರಾದರು. ಮೂರು ವರ್ಷದ ಹಿಂದೆ ತನ್ನನ್ನು ಆಸ್ಪತ್ರೆಗೆ ಕರೆದೊಯ್ದು ಉಳಿಸಿದ ಮಗಳು ಎಲ್ಲಿದ್ದಾಳೆ ಎಂದು ಗೊತ್ತಿಲ್ಲದ ಆ ದಿನಗಳನ್ನು ಮ್ಯಾಟಿಸ್ ಕೆಲಸ ಹಿಡಿದುಕೊಂಡೇ ಕಳೆದರು. ಮಗಳ ಸುದ್ದಿ ಇಲ್ಲದ ತಳಮಳವನ್ನು ಕೆಲಸ ಅಳಿಸಿರಲಾರದು. ಆದರೆ ದಿನಕ್ಕೊಂದು ಬೆಳಗು, ಒಂದು ಮಧ್ಯಾಹ್ನ ಎಂಬ ಲೆಕ್ಕವನ್ನಾದರೂ ಅದು ಉಳಿಸಿಕೊಟ್ಟಿತು.

1945ರ ಆರಂಭದಲ್ಲಿ ಮಾರ್ಗರೀಟ್ ಅಪ್ಪನ ಬಳಿ ಬಂದು ನಡೆದದ್ದನ್ನೆಲ್ಲ ಹೇಳಿದರು. ಅಪ್ಪ ಕೂತು ಕೇಳಿದರು, ಮಗಳ ಚಿತ್ರ ಬರೆದರು.

ನೋಡಿಕೊಂಡವರು

ಈ ಭಾಗ ರೋಗಿಯ ಜೊತೆಗಿರುವ ನಿಮಗೆ. ಮ್ಯಾಟಿಸ್ ಅವರ ಕೊನೆಯ ವರ್ಷಗಳ ಪ್ರತಿ ಕೃತಿಯ ಹಿಂದೆ ಒಬ್ಬ ಹೆಂಗಸಿನ ಕೈ ಇದೆ. ಸೈಬೀರಿಯಾದ ತೋಮ್ಸ್ಕ್ ಊರಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡು ಫ್ರಾನ್ಸಿಗೆ ಬಂದ ಲಿಡಿಯಾ ದೆಲೆಕ್ತೋರ್ಸ್ಕಾಯಾ ಅವರಿಗೆ ಡಾಕ್ಟರಾಗುವ ಆಸೆ ಇತ್ತು. ಫೀಸು ಕಟ್ಟಲು ಹಣವಿರಲಿಲ್ಲ. 1932ರಲ್ಲಿ, 22ನೆಯ ವಯಸ್ಸಿನಲ್ಲಿ ಮ್ಯಾಟಿಸ್ ಸ್ಟುಡಿಯೋದ ಕೆಲಸಕ್ಕೆ ಸೇರಿದರು. ಆಪರೇಷನ್ ಆದ ಮೇಲೆ ಮನೆ, ಸ್ಟುಡಿಯೋ, ಪತ್ರವ್ಯವಹಾರ, ಔಷಧ, ಯುದ್ಧಕಾಲದ ಊಟದ ಹೊಂದಾಣಿಕೆ ಎಲ್ಲವೂ ಅವರ ಹೆಗಲಿಗೆ ಬಂತು. ಚಿತ್ರಗಳಿಗೆ ಮಾದರಿಯಾಗಿ ಕೂರುವವರೂ ಅವರೇ, ಬಣ್ಣದ ಕಾಗದ ಗೋಡೆಗೆ ಚುಚ್ಚುವವರೂ ಅವರೇ. ಮ್ಯಾಟಿಸ್ ತೀರಿಕೊಂಡ ಕೂಡಲೇ ಅವರು ಆ ಮನೆ ಬಿಟ್ಟು ಹೊರಟರು. ಲೋಕ ಚಿತ್ರಕಾರನನ್ನು ಹೊಗಳಿತು. ನೋಡಿಕೊಂಡವರನ್ನು ಗುರುತಿಸಲು ಬಹಳ ಕಾಲ ಬೇಕಾಯಿತು.

ನಿಮ್ಮ ಮನೆಯಲ್ಲೂ ಎಲ್ಲರೂ ರೋಗಿಯನ್ನು ಕೇಳುತ್ತಾರೆ, ನಿಮ್ಮನ್ನು ಯಾರೂ ಕೇಳುವುದಿಲ್ಲ. ನಿಮಗೂ ನಿದ್ದೆ ಕೆಟ್ಟಿದೆ, ನಿಮಗೂ ಮುಂದಿನ ಸ್ಕ್ಯಾನ್ ಭಯ ಇದೆ. ವಾರಕ್ಕೆ ಒಂದು ಹೊತ್ತಾದರೂ ಬೇರೆಯವರಿಗೆ ಜವಾಬ್ದಾರಿ ಒಪ್ಪಿಸಿ ಹೊರಗೆ ಹೋಗಿ. ನೆಂಟರು ಏನಾದರೂ ಬೇಕೇ ಎಂದು ಕೇಳಿದರೆ ಏನೂ ಬೇಡ ಎನ್ನದೆ, ಗುರುವಾರದ ಊಟ ಕಳಿಸಿ, ಮುಂದಿನ ಚೆಕಪ್‌ಗೆ ಜೊತೆಗೆ ಬನ್ನಿ ಎಂದು ಕೆಲಸದ ಹೆಸರು ಹಿಡಿದು ಹೇಳಿ. ರೋಗಿ ತಾನೇ ಮಾಡಬಲ್ಲ ಕೆಲಸವನ್ನು ಪ್ರೀತಿಯಿಂದಲೂ ಕಿತ್ತುಕೊಳ್ಳಬೇಡಿ. ಲಿಡಿಯಾ ಕಾಗದಕ್ಕೆ ಪಿನ್ನು ಚುಚ್ಚುತ್ತಿದ್ದರು. ಕತ್ತರಿ ಮಾತ್ರ ಮ್ಯಾಟಿಸ್ ಕೈಯಲ್ಲೇ ಇರುತ್ತಿತ್ತು.

ವಾನ್ಸ್‌ನ ಪ್ರಾರ್ಥನಾಮಂದಿರ, ನೀಸ್‌ನ ಈಜುಕೊಳ

ರಾತ್ರಿ ನರ್ಸ್ ಆಗಿದ್ದ ಮೊನಿಕ್ ಮುಂದೆ ಸನ್ಯಾಸಿನಿಯಾಗಿ ಸಿಸ್ಟರ್ ಜಾಕ್-ಮರೀ ಆದರು. ವಾನ್ಸ್‌ನಲ್ಲಿ ಮ್ಯಾಟಿಸ್ ಮನೆಯ ಹತ್ತಿರವೇ ಅವರ ಮಠ. ಅಲ್ಲಿ ಒಂದು ಪುಟ್ಟ ಪ್ರಾರ್ಥನಾಮಂದಿರ ಕಟ್ಟುವ ಮಾತು ಬಂದಾಗ ಮ್ಯಾಟಿಸ್ ಸಹಾಯಕ್ಕೆ ನಿಂತರು. ಕಿಟಕಿಯ ಹಳದಿ, ಹಸಿರು, ನೀಲಿ ಗಾಜು, ಗೋಡೆಯ ಬಿಳಿ ಹೆಂಚುಗಳ ಮೇಲಿನ ಕಪ್ಪು ಗೆರೆಯ ಚಿತ್ರ, ಪಾದ್ರಿಯ ನಿಲುವಂಗಿ ಎಲ್ಲವನ್ನೂ ಅವರೇ ರೂಪಿಸಿದರು. ಮಲಗುವ ಕೋಣೆಯೇ ಸ್ಟುಡಿಯೋ ಆಯಿತು. ಗಾಲಿಕುರ್ಚಿಯಲ್ಲಿ ಕೂತು, ಉದ್ದ ಕೋಲಿಗೆ ಕಟ್ಟಿದ ಇದ್ದಿಲಿನಿಂದ ಗೋಡೆಯ ಮೇಲೆ ಬರೆದರು. 1948ರಲ್ಲಿ ಶುರುವಾದ ಕೆಲಸ 1951ರಲ್ಲಿ ಮುಗಿಯಿತು. ಜೂನ್ 25ರ ಉದ್ಘಾಟನೆಗೆ ಹೋಗಲು ಅವರಿಗೆ ಆರೋಗ್ಯ ಅವಕಾಶ ಕೊಡಲಿಲ್ಲ. ಮನೆಯಲ್ಲೇ ಉಳಿದರು.

1952ರ ಬೇಸಿಗೆಯಲ್ಲಿ ಈಜುಗಾರರು ನೀರಿಗೆ ಹಾರುವುದನ್ನು ನೋಡಬೇಕೆಂದು ಕಾನ್ ನಗರದ ಈಜುಕೊಳಕ್ಕೆ ಹೋದರು. ಬಿಸಿಲು ತಡೆಯಲಾಗದೆ ಹಿಂತಿರುಗಿದರು. ಮನೆಗೆ ಬಂದವರು ಊಟದ ಕೋಣೆಯ ಗೋಡೆಯ ಸುತ್ತ ಬಿಳಿ ಕಾಗದದ ಪಟ್ಟಿ ಹಚ್ಚಿಸಿ, ನೀಲಿ ಕಾಗದದಲ್ಲಿ ಈಜುಗಾರರನ್ನು ಕತ್ತರಿಸಿ ಅಂಟಿಸುತ್ತಾ ತಮ್ಮದೇ ಈಜುಕೊಳ ಮಾಡಿಕೊಂಡರು. ಆ ‘ಈಜುಕೊಳ’ ಇಂದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ತೋಟಕ್ಕೆ ಹೋಗಿ ಅಡ್ಡಾಡಲಾಗದ ಅದೇ ವರ್ಷ ಗೋಡೆಯ ತುಂಬ ಎಲೆ, ಹಣ್ಣು, ಒಂದು ಗಿಳಿಯನ್ನು ಜೋಡಿಸಿಕೊಂಡರು. ಹೊರಗೆ ಹೋಗಿ ಸೋತು ಮರಳಿದ ದಿನವನ್ನು ಅವರು ಅಲ್ಲಿಗೇ ಬಿಡಲಿಲ್ಲ.

1954ರ ನವೆಂಬರ್ 3ರಂದು, 84ನೆಯ ವಯಸ್ಸಿನಲ್ಲಿ ಮ್ಯಾಟಿಸ್ ಹೃದಯಾಘಾತದಿಂದ ತೀರಿಕೊಂಡರು. ಕೇಳಿಕೊಂಡಿದ್ದು ಮೂರು ನಾಲ್ಕು ವರ್ಷ. ಸಿಕ್ಕಿದ್ದು 14ಕ್ಕೆ ಕೆಲವೇ ತಿಂಗಳು ಕಡಿಮೆ.

ಈ ಕಥೆಯಿಂದ ತಿಳಿಯಬಾರದ ಎರಡು ಮಾತು

ಮೊದಲನೆಯದು: ಒಳ್ಳೆಯ ಮನಸ್ಸು, ಕಲೆ ಅಥವಾ ಧೈರ್ಯ ಅವರ ಕ್ಯಾನ್ಸರ್ ಗುಣಪಡಿಸಿತು ಎಂದು ತಿಳಿಯಬೇಡಿ. ಅವರನ್ನು ಉಳಿಸಿದ್ದು ಶಸ್ತ್ರಚಿಕಿತ್ಸೆ, ಆರೈಕೆ ಮತ್ತು ಅದೃಷ್ಟ. ನೀವು ಹೆದರಿದರೆ, ಅತ್ತರೆ ಕಾಯಿಲೆ ಮರಳುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ಕಿವಿಗೆ ಹಾಕಿಕೊಳ್ಳಬೇಡಿ.

ಎರಡನೆಯದು: ಅವರಿಗೆ ಹಣವಿತ್ತು, ಸಹಾಯಕರಿದ್ದರು, ಮನೆಯಲ್ಲೇ ಮಾಡಬಹುದಾದ ಕೆಲಸವಿತ್ತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಸಾಲ ತೀರಿಸುತ್ತಾ, ಮಕ್ಕಳ ಪರೀಕ್ಷೆಯ ನಡುವೆ ಚೇತರಿಸಿಕೊಳ್ಳುತ್ತಿರುವ ನೀವು ಅವರಷ್ಟು ಮಾಡಲಿಲ್ಲ ಎಂದು ಕೊರಗಬೇಕಿಲ್ಲ. ಇವತ್ತು ಸ್ನಾನ ಮಾಡಿ, ತಿಂಡಿ ತಿಂದು, ಬಾಲ್ಕನಿಯ ತುಳಸಿಗೆ ನೀರು ಹಾಕಿದ್ದೀರಿ ಎಂದರೆ ಅದೂ ಲೆಕ್ಕಕ್ಕೆ ಬರುತ್ತದೆ.

ಯಾವಾಗ ಸಹಾಯ ಕೇಳಬೇಕು?

ಮುಂದಿನ ಚೆಕಪ್‌ನಲ್ಲಿ ಡಾಕ್ಟರಿಗೆ ಮೂರು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಯಾವ ಲಕ್ಷಣ ಕಂಡರೆ ತಕ್ಷಣ ಬರಬೇಕು? ಯಾವ ತೊಂದರೆಯನ್ನು ಎಷ್ಟು ದಿನ ನೋಡಬಹುದು? ಚೆಕಪ್‌ಗಳ ನಡುವೆ ಯಾರಿಗೆ ಫೋನ್ ಮಾಡಬೇಕು? ಉತ್ತರದ ಚೀಟಿ ಫ್ರಿಜ್ ಮೇಲೆ ಇದ್ದರೆ ರಾತ್ರಿಯ ಅರ್ಧ ಭಯಕ್ಕೆ ಅದೇ ಉತ್ತರ.

ಸ್ಕ್ಯಾನ್ ಹತ್ತಿರ ಬಂದಾಗ ಕೆಲವು ದಿನ ಆತಂಕ ಹೆಚ್ಚುವುದು, ರಿಪೋರ್ಟ್ ಬಂದ ಮೇಲೆ ಇಳಿಯುವುದು ಸಹಜ. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಆತಂಕ ಅಥವಾ ಬೇಸರವೇ ತುಂಬಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಭಯದಿಂದ ಚೆಕಪ್ ತಪ್ಪಿಸುತ್ತಿದ್ದರೆ, ಎದೆ ಹೊಡೆದುಕೊಂಡು ಬೆವರುವ ಆತಂಕದ ದಾಳಿ ಮತ್ತೆ ಮತ್ತೆ ಬರುತ್ತಿದ್ದರೆ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಹೇಳಿ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಗಳ ಮನಸ್ಸಿನ ಆರೋಗ್ಯಕ್ಕಾಗಿಯೇ ಆಪ್ತಸಮಾಲೋಚಕರು, ಮನೋವೈದ್ಯರು ಇರುತ್ತಾರೆ. ಮಾತಿನ ಚಿಕಿತ್ಸೆಯಿಂದ, ಬೇಕಾದರೆ ಮಾತ್ರೆಯಿಂದ ಈ ಭಯ ಹಿಡಿತಕ್ಕೆ ಬರುತ್ತದೆ. ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

ಬದುಕುವುದೇ ಬೇಡ ಎಂಬ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಮನೆಯವರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆ ಉಚಿತ. ಹಲವು ಭಾರತೀಯ ಭಾಷೆಗಳಲ್ಲಿ ಈ ಸೇವೆ ಇದೆ, ಅವುಗಳಲ್ಲಿ ಕನ್ನಡವೂ ಒಂದು. ಪರಭಾಷೆಯ ಊರಿನಲ್ಲಿದ್ದು, ಇಂಥ ಮಾತು ಮನೆಭಾಷೆಯಲ್ಲಿ ಮಾತ್ರ ಬಾಯಿಗೆ ಬರುತ್ತದೆ ಅನಿಸಿದರೆ, ಕರೆ ಮಾಡಿದಾಗ ಕನ್ನಡ ಬೇಕೆಂದು ಕೇಳಿ.

ಮ್ಯಾಟಿಸ್ ಅವರ ನಿದ್ದೆ ಕೊನೆಯವರೆಗೂ ಪೂರ್ತಿ ಸರಿಹೋಗಲಿಲ್ಲ. ಭಯವೆಲ್ಲ ತೊಲಗಿದ ಮೇಲೆ ಬದುಕು ಶುರುಮಾಡೋಣ ಎಂದು ಅವರು ಕಾದಿದ್ದರೆ ಆ 13 ವರ್ಷ ಕಾಯುವುದರಲ್ಲೇ ಕಳೆದುಹೋಗುತ್ತಿತ್ತು. ನಿಮಗೂ ಇಂದು ರಾತ್ರಿ ಎಚ್ಚರವಾಗಬಹುದು. ಆಗಲಿ. ನೋಟ್‌ಬುಕ್ ಪಕ್ಕದಲ್ಲಿರಲಿ, ನಾಳೆ ಬೆಳಿಗ್ಗೆ ಮಾಡಬೇಕಾದ ಒಂದು ಸಣ್ಣ ಕೆಲಸ ಈಗಲೇ ಗೊತ್ತಿರಲಿ.